ಇಳಿಯದ ಗೆರೆ ಮತ್ತು ಎಮ್ಮಿಗನೂರಿನ ಮೂರೆಕರೆ ಕಬ್ಬು

ಗೋಡೆಗೆ ಒಂದು ಗೆರೆ ಹಾಕಿದರೆ ಸಾಕು, ಅದರ ಮುಂದೆ ನಾಲ್ಕು ಜನ ನಿಂತು ಜಗಳವಾಡುವುದನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ. ಹೊಲದ ನಡುವಿನ ಗೆರೆಯ ಜಗಳಕ್ಕೆ ಏನಾದರೂ ಕಾರಣವಿರುತ್ತದೆ. ಕಾಗದದ ಮೇಲಿನ ಗೆರೆಗೆ ಕಾರಣವೂ ಬೇಕಾಗುವುದಿಲ್ಲ.

ಕಂಪ್ಲಿ ಕಡೆ ಕಾಲುವೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಒಂದು ಸಣ್ಣ ಖಂಡಸಾರಿ ಸಕ್ಕರೆಯ ಕಾರ್ಖಾನೆ ಬಂತು, ಕಾರ್ಖಾನೆಯ ಹಿಂದೆ ನಾನು ಬಂದೆ. ಯಾವ ಊರಿನಿಂದ ಎಷ್ಟು ಕಬ್ಬು ಬಂತು ಎಂದು ಗೆರೆ ಎಳೆದು ತೋರಿಸುವುದು ನನ್ನ ಕೆಲಸ. ಒಡೆಯರು ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ಇದ್ದ ಸಾಹುಕಾರರು. ಕಾರ್ಖಾನೆ ನೋಡಿಕೊಳ್ಳುತ್ತಿದ್ದವರು ಅವರ ಅಳಿಯ. ಪುಣೆಯಲ್ಲಿ ಓದಿ ಬಂದಿದ್ದರು. ನಾವೆಲ್ಲ ಅವರನ್ನು ಅಳಿಯಂದಿರು ಎಂದೇ ಕರೆಯುತ್ತಿದ್ದೆವು.

ನಮ್ಮಲ್ಲಿ ಕಬ್ಬು ಕಡಿಯಬೇಕಾದರೆ ಕಾರ್ಖಾನೆಯ ಚೀಟಿ ಬೇಕು. ಅದರ ಮೇಲೆ ಊರಿನ ಹೆಸರಷ್ಟೇ ಇರುತ್ತದೆ. ಚೀಟಿ ಇಲ್ಲದ ಗಾಡಿಯನ್ನು ಕಾಟಾದವನು, ಎಂದರೆ ತೂಕ ಮಾಡುವವನು, ಒಳಗೆ ಬಿಡುವುದಿಲ್ಲ. ಎಮ್ಮಿಗನೂರಿನಲ್ಲಿ ಒಬ್ಬ ಯಜಮಾನರಿದ್ದರು. ಅವರ ಮೂರೆಕರೆ ಕಬ್ಬು ಆ ವರ್ಷ ಬೇಗ ಬಲಿತು ತುದಿಯಲ್ಲಿ ಸೂಲಂಗಿ ಹೂ ಬಿಟ್ಟಿತ್ತು. ಸೂಲಂಗಿ ಬಿಟ್ಟ ಕಬ್ಬನ್ನು ಹೊಲದಲ್ಲೇ ನಿಲ್ಲಿಸಿದರೆ ಒಳಗೆಲ್ಲ ಬೆಂಡಾಗುತ್ತದೆ. ಹಂಗಾಮು ಮುಗಿಯುವುದರೊಳಗೆ ಆ ಮೂರೆಕರೆ ಗಾಣಕ್ಕೆ ಬೀಳಬೇಕು. ಅವರಿಗಿದ್ದ ಚಿಂತೆ ಅದೊಂದೇ. ಉಳಿದ ಚಿಂತೆಗಳನ್ನು ನಾವು ಒದಗಿಸಿದೆವು.

೧. ಅಮಾವಾಸ್ಯೆ

ಮೊದಮೊದಲು ನಾನು ಎಳೆಯುತ್ತಿದ್ದದ್ದು ದಿನದಿನದ ಗೆರೆ. ಇವತ್ತು ಎಷ್ಟು ಕಬ್ಬು ಬಂತೋ ಅಷ್ಟು ಎತ್ತರದಲ್ಲಿ ಒಂದು ಚುಕ್ಕಿ, ನಾಳೆಯದಕ್ಕೆ ಇನ್ನೊಂದು, ಎರಡನ್ನೂ ಜೋಡಿಸಿ ಒಂದು ಗೆರೆ. ಸಾಹುಕಾರರು ವಾರಕ್ಕೊಮ್ಮೆ ಹೊಸಪೇಟೆಯಿಂದ ಬಂದು, ಕೈ ಹಿಂದೆ ಕಟ್ಟಿಕೊಂಡು, ಅದರ ಮುಂದೆ ನಿಲ್ಲುತ್ತಿದ್ದರು. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಎತ್ತು ಕಟ್ಟುವುದಿಲ್ಲ. ಗೆರೆ ಅವತ್ತು ನೇರ ನೆಲಕ್ಕೆ ಬೀಳುತ್ತಿತ್ತು.

"ಇದ್ಯಾಕ ಹಿಂಗ ಬಿದ್ದೈತಿ?" ಎಂದರು ಸಾಹುಕಾರರು.

"ಅಮಾಸಿ ಇತ್ರಿ ಧಣೇರ."

"ಅಮಾಸಿ ಅಂದ್ರ ಎತ್ತು ಕಟ್ಟಬಾರದು. ಗೆರಿ ಯಾಕ ಬೀಳಬೇಕು?"

ಇದಕ್ಕೆ ಉತ್ತರ ಅಳಿಯಂದಿರ ಹತ್ತಿರ ಇತ್ತು. ದಿನದಿನದ ಗೆರೆ ತೆಗೆದುಹಾಕಿ, ಕೂಡುತ್ತ ಹೋಗುವ ಗೆರೆ ಹಾಕಿ ಎಂದರು. ಎಂದರೆ, ಇವತ್ತಿನ ಕಬ್ಬಿಗೆ ನಿನ್ನೆಯವರೆಗಿನ ಎಲ್ಲ ಕಬ್ಬನ್ನೂ ಕೂಡಿಸಿ ಚುಕ್ಕಿ ಇಡುವುದು. ಈ ಗೆರೆ ಏರುತ್ತದೆ, ಇಲ್ಲವೇ ಸಪಾಟಾಗಿ ನಿಲ್ಲುತ್ತದೆ. ಬೀಳುವುದು ಮಾತ್ರ ಅದಕ್ಕೆ ಗೊತ್ತಿಲ್ಲ.

ಮುಂದಿನ ವಾರ ಸಾಹುಕಾರರು ಅದನ್ನು ಬಹಳ ಹೊತ್ತು ನೋಡಿದರು. "ಇದು ನಮ್ಮ ಮನೆತನದ ಗೆರಿ" ಎಂದರು. ಅದಾದ ಮೇಲೆ ಒಮ್ಮೆ ಗಾಣದ ಹಲ್ಲುಚಕ್ರ ಮುರಿದು ಕಾರ್ಖಾನೆ ಮೂರು ದಿನ ನಿಂತಿತು. ನಾಲ್ಕನೆಯ ದಿನ ಬಂದ ಸಾಹುಕಾರರು ಗೆರೆ ನೋಡಿ, ಎಲ್ಲ ಸರಿಯಾಗಿದೆ ಎಂದು ತಲೆದೂಗಿ, ಗಾಣದ ಕಡೆ ಹೋಗದೆ ವಾಪಸು ಹೋದರು.

೨. ಎಣ್ಣೆ ಹಚ್ಚಿದ ಊರುಗಳು

ಒಟ್ಟು ಗೆರೆ ನೋಡಿ ತೃಪ್ತಿಯಾದ ಮೇಲೆ, ಅದರಲ್ಲಿ ಯಾವ ಊರಿನ ಪಾಲು ಎಷ್ಟು ಎಂದು ಬೇರೆ ಮಾಡಿ ನೋಡುವ ಆಸೆ ಅಳಿಯಂದಿರಿಗೆ ಹುಟ್ಟಿತು. ಊರಿಗೊಂದರಂತೆ ತೆಳ್ಳನೆಯ ಟ್ರೇಸಿಂಗ್ ಕಾಗದ ತಂದರು. ಪ್ರತಿ ಹಾಳೆಯಲ್ಲಿ ಒಂದು ಊರಿನ ಗೆರೆ ಮಾತ್ರ. ಎಲ್ಲವನ್ನೂ ಒಂದರ ಮೇಲೊಂದು ಮೊಳೆಗೆ ತೂಗುಹಾಕುವುದು. ಕಂಪ್ಲಿ ಒಂದನ್ನೇ ನೋಡಬೇಕಾದರೆ ಉಳಿದ ಊರುಗಳನ್ನು ಎತ್ತಿ ಹಿಡಿಯುವುದು. ಎತ್ತಿ ಹಿಡಿಯುವವನು ನಾನು.

ಒಂದು ಮಧ್ಯಾಹ್ನ ಕಾಟಾದವನು ಮಿರ್ಚಿ ತಂದವನು, ಇಡಲು ಬೇರೇನೂ ಕಾಣದೆ ಕಂಪ್ಲಿಯ ಹಾಳೆಯ ಮೇಲೆ ಇಟ್ಟ. ಹಾಳೆ ಎಣ್ಣೆ ಕುಡಿಯಿತು. ನಾನು ಬೈಗುಳಕ್ಕೆ ಸಿದ್ಧನಾಗಿ ಅದನ್ನು ಅಳಿಯಂದಿರ ಮುಂದೆ ಹಿಡಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎಣ್ಣೆ ಬಿದ್ದ ಕಡೆ ಹಿಂದಿನ ಊರು ಇನ್ನೂ ಚೆನ್ನಾಗಿ ಕಾಣುತ್ತಿದೆಯಲ್ಲ! ಎಲ್ಲ ಊರಿಗೂ ಹಚ್ಚಿ."

ಶೇಂಗಾ ಎಣ್ಣೆ ತರಿಸಿ ಎಲ್ಲ ಊರುಗಳಿಗೂ ಹಚ್ಚಿದೆವು. ಸಕ್ಕರೆ ಕಾರ್ಖಾನೆಯಲ್ಲಿ ಇಲಿಗಳಿಗೆ ಸಿಹಿ ತಿಂದು ತಿಂದು ಬಾಯಿ ಕೆಟ್ಟಿರುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಸೋಮವಾರ ಬಂದು ನೋಡಿದರೆ ಕಂಪ್ಲಿಯ ಹಾಳೆಯ ಎಡಭಾಗ ಇರಲಿಲ್ಲ. ಉಳಿದ ಊರುಗಳೆಲ್ಲ ಸೊನ್ನೆಯಿಂದ ಹೊರಟಿದ್ದವು. ಕಂಪ್ಲಿಯವರು ಮಾತ್ರ ಆ ವರ್ಷ ಗಾಳಿಯಲ್ಲಿ ಶುರು ಮಾಡಿದರು.

೩. ಬೀಗರ ಮರ್ಯಾದೆ

ಎಮ್ಮಿಗನೂರಿನ ಯಜಮಾನರು ತಮ್ಮ ಮಗಳನ್ನು ಬುಕ್ಕಸಾಗರಕ್ಕೆ ಕೊಟ್ಟಿದ್ದರು. ಅಲ್ಲಿಯ ಬೀಗರೂ ಕಬ್ಬು ಹಾಕಿದ್ದರು. ಒಂದು ದಿನ ಇಬ್ಬರೂ ಚೀಟಿ ತೆಗೆದುಕೊಳ್ಳಲು ಒಟ್ಟಿಗೆ ಬಂದರು. ಯಜಮಾನರಿಗೆ ಅವತ್ತೇ ಅವರ ಮೂರೆಕರೆಯ ಚೀಟಿಗಳು ಸಿಕ್ಕವು. ಅಲ್ಲಿಗೆ ಈ ಕಥೆ ಮುಗಿಯಬೇಕಾಗಿತ್ತು. ಆದರೆ ಬುಕ್ಕಸಾಗರದ ಬೀಗರು ಹೊರಡುವಾಗ ಗೋಡೆಯ ಕಡೆ ತಿರುಗಿ, ಎರಡೂ ಊರಿನ ಹಾಳೆ ತೋರಿಸಿರಿ ಎಂದರು. ತೋರಿಸಿದೆ. ಅವರು ಗೇಣು ಹಾಕಿ ಅಳೆದರು.

"ನೋಡ್ರಿ ಬೀಗರ, ನಿಮ್ಮೂರ ಗೆರಿ ನಮ್ಮೂರ ಗೆರಿ ಮೊಣಕಾಲಿಗೆ ಬಂತು."

ಯಜಮಾನರು ಬೀಗರ ಕಡೆ ತಿರುಗಿದರು. "ಹೆಣ್ಣು ಕೊಟ್ಟೇವಿ ಅಂತ ನಾವು ತಗ್ಗಿ ನಡೀತೀವಿ. ಗೆರೀನೂ ತಗ್ಗಿ ನಡೀಬೇಕೇನ್ರಿ?"

"ನಾ ಎಲ್ಲಿ ಹಂಗಂದೆ? ಗೆರಿ ಅಂತೈತಿ."

ಯಜಮಾನರು ಊರಿಗೆ ಹೋಗಿ ಕಟ್ಟೆಯ ಮೇಲೆ ಜನ ಸೇರಿಸಿದರು. ಅವರ ಹೊಲ ಕಾಲುವೆಯ ಆಚೆ, ಗಾಡಿ ತಿರುಗಿಸುವುದೇ ಕಷ್ಟ. ಮೂರೆಕರೆ ಸಾಗಿಸಲು ದಿನ ಹಿಡಿಯುತ್ತದೆ, ಅಷ್ಟು ದಿನ ಊರಿನ ಗೆರೆ ಮೊಣಕಾಲಿನಲ್ಲೇ ಇರುತ್ತದೆ. ಆದ್ದರಿಂದ ತಮ್ಮ ಚೀಟಿಗಳನ್ನೆಲ್ಲ ರಸ್ತೆ ಪಕ್ಕದ ಹೊಲದವರಿಗೆ ಹಂಚಿ, "ಮೊದಲ ನಿಮ್ದು ಕಡೀರಿ, ಜಲ್ದಿ ಕಡೀರಿ, ನಂದು ಆಮ್ಯಾಲ ನೋಡೂಣು" ಎಂದರು. ಇಡೀ ಎಮ್ಮಿಗನೂರು ಕುಡುಗೋಲು ಹಿಡಿಯಿತು. ಹತ್ತು ದಿನದಲ್ಲಿ ಅವರ ಗೆರೆ ಬುಕ್ಕಸಾಗರವನ್ನು ದಾಟಿ, ಎಲ್ಲ ಊರುಗಳ ಮೇಲೆ ನಿಂತಿತು.

ಯಜಮಾನರು ಬೀಗರನ್ನು ಕರೆದುಕೊಂಡೇ ಬಂದರು. ಕಚೇರಿಯವರಿಗೆಲ್ಲ ಮಂಡಕ್ಕಿ, ಮಿರ್ಚಿ ಹಂಚಿಸಿದರು. ಅದೇ ಹೊತ್ತಿಗೆ ಅಳಿಯಂದಿರು ನನ್ನ ಕೈಗೆ ಒಂದು ನೋಟೀಸು ಕೊಟ್ಟು ಅಂಟಿಸಲು ಹೇಳಿದರು. ಎಲ್ಲ ಊರಿಗೂ ನ್ಯಾಯ ಸಿಗಬೇಕಾದ್ದರಿಂದ, ಇನ್ನು ಮುಂದೆ ಯಾವ ಊರಿನ ಗೆರೆ ಎಲ್ಲಕ್ಕಿಂತ ಕೆಳಗಿದೆಯೋ ಆ ಊರಿಗೆ ಮೊದಲು ಚೀಟಿ, ಎಲ್ಲಕ್ಕಿಂತ ಮೇಲಿರುವ ಊರಿಗೆ ಕೊನೆಗೆ ಎಂದು ಅದರಲ್ಲಿತ್ತು.

ಯಜಮಾನರು ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ಓದಿ ಮುಗಿಸುವಾಗಲೂ ಮಿರ್ಚಿ ಬಿಸಿಯಾಗಿಯೇ ಇತ್ತು. ಬುಕ್ಕಸಾಗರದ ಬೀಗರು ಇನ್ನೆರಡು ಕೇಳಿ ಹಾಕಿಸಿಕೊಂಡರು.

೪. ಇಳಿಸಿ ಕೊಡ್ರಿ

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಯಜಮಾನರು ಬಾಗಿಲಲ್ಲಿ ನಿಂತಿದ್ದರು.

"ರೈಟರ್ರ, ನಮ್ಮೂರ ಗೆರಿ ಒಂದೀಟ ಕೆಳಗ ಇಳಸ್ರಿ."

"ಇಳಿಯಂಗಿಲ್ರಿ ಯಜಮಾನ್ರ. ಅದು ಕೂಡ್ಕೊಂತ ಹೋಗೂ ಗೆರಿ."

"ಕಾಲುವಿ ನೀರು ಇಳೀತೈತಿ. ಜ್ವರ ಇಳೀತೈತಿ. ಬೀಗರ ಸಿಟ್ಟು ಸೈತ ಇಳೀತೈತಿ. ಇದೊಂದ ಇಳಿಯಂಗಿಲ್ಲಂದ್ರ ಇದೆಂಥಾದ್ರಿ?"

"ಬಂದ ಕಬ್ಬು ಬಂದಂಗ ಅಲ್ರಿ. ಬಂದಿಲ್ಲ ಅನ್ನಾಕ ಬರಂಗಿಲ್ಲ."

"ವಾಪಸ್ ಒಯ್ದ್ರ?"

"ಅದನ್ನ ಆಗಲೇ ಹಿಂಡೇವಲ್ರಿ."

ಅವರು ಹೊರಟರು. ಹೋಗುವವರು ಅಂಗಳದಲ್ಲಿ ಒಣಹಾಕಿದ್ದ ಸಿಪ್ಪೆಯ ರಾಶಿಯನ್ನು ಒಂದು ಗಳಿಗೆ ನಿಂತು ನೋಡಿದ್ದನ್ನು ನಾನು ಗಮನಿಸಬೇಕಾಗಿತ್ತು. ಮಧ್ಯಾಹ್ನ ಎರಡು ಖಾಲಿ ಗಾಡಿ ತಂದು, ಹಿಂಡಿದ ಕಬ್ಬಿನ ಸಿಪ್ಪೆ ತುಂಬಿಸಿ, ಕಾಟಾದ ಮೇಲೆ ನಿಲ್ಲಿಸಿದರು. ಸಿಪ್ಪೆ ಒಯ್ಯುವುದನ್ನು ಯಾರೂ ತಡೆಯುತ್ತಿರಲಿಲ್ಲ. ಒಯ್ಯುವವರು ತೂಕ ಮಾಡಿಸಿದ್ದೂ ಇರಲಿಲ್ಲ.

"ಹೊರಗ ಹೋಗೂ ತೂಕ ಬರಿ. ಎಮ್ಮಿಗನೂರು ಅಂತ ಬರಿ" ಎಂದರು. ಕಾಟಾದವನು ಬರೆದುಕೊಟ್ಟ. ಅವನಿಗೆ ತೂಕ ಬಂದರೆ ಬರೆಯುವುದು ಗೊತ್ತು, ಅಷ್ಟೇ. ಯಜಮಾನರು ಆ ತೂಕದ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟರು.

"ಇದನ್ನ ಕಳೀರಿ."

ಅಳಿಯಂದಿರನ್ನು ಕೇಳಿದೆ. ಅವರು ಯೋಚಿಸಿ, ಕೂಡುವ ಗೆರೆಯಲ್ಲಿ ಕಳೆಯಲು ಜಾಗವಿಲ್ಲ ಎಂದರು. ಆದರೆ ಅಷ್ಟರಲ್ಲಿ ಸುದ್ದಿ ಊರೂರಿಗೆ ಹೋಗಿತ್ತು. ಎರಡು ದಿನ ಸುತ್ತಲಿನ ಊರುಗಳಿಂದ ಖಾಲಿ ಗಾಡಿಗಳು ಬಂದು, ಗೆರೆ ಇಳಿಸಿಕೊಳ್ಳಲು ಸಿಪ್ಪೆ ತುಂಬಿಕೊಂಡು ಹೋದವು. ಬುಕ್ಕಸಾಗರದ ಬೀಗರದೇ ಮೂರು ಗಾಡಿ. ಅಂಗಳ ಎಂದೂ ಅಷ್ಟು ಚೊಕ್ಕಟವಾಗಿರಲಿಲ್ಲ. ಮೂರನೆಯ ದಿನ ರಸ ಕಾಯಿಸುವ ಒಲೆಗೆ ಹಾಕಲು ಸಿಪ್ಪೆಯೇ ಇಲ್ಲದೆ ಕಾರ್ಖಾನೆ ನಿಂತಿತು. ಆ ಒಂದು ದಿನ ಎಲ್ಲ ಊರುಗಳಿಗೂ ಸರಿಸಮಾನವಾಗಿ ನ್ಯಾಯ ಸಿಕ್ಕಿತು.

೫. ಚಪ್ಪಲಿ ಬಿಟ್ಟು ಒಳಗೆ ಬರುವುದು

ಸಂಕ್ರಾಂತಿ ಕಳೆದ ಮೇಲೆ ಕಂಪ್ಯೂಟರ್ ಬಂತು. ಅದಕ್ಕೊಂದು ಬೇರೆ ಕೋಣೆ, ಬಾಗಿಲಿಗೆ ಪರದೆ, ಚಪ್ಪಲಿ ಹೊರಗೆ ಬಿಡಬೇಕು. ಯಜಮಾನರು ಮೊದಲ ದಿನ ಒಳಗೆ ಬಂದವರು ಅಭ್ಯಾಸಬಲದಿಂದ ಕೈಯೂ ಮುಗಿದರು.

ಇಷ್ಟು ಹೊತ್ತಿಗೆ ಅವರ ಕಬ್ಬಿನಲ್ಲಿ ಸೂಲಂಗಿ ಬೆಳ್ಳಗೆ ತೂಗಾಡುತ್ತಿತ್ತು. ವಾರವಾರವೂ ಚೀಟಿ ಬೇರೆ ಊರಿಗೆ ಹೋಗುತ್ತಿತ್ತು. ಎಣ್ಣೆ ಹಾಳೆಯ ಗೆರೆ ತಪ್ಪಿರಬಹುದು, ಯಂತ್ರವಾದರೂ ನಿಜ ಹೇಳುತ್ತದೆ ಎಂದು ಅವರು ನಂಬಿ ಬಂದಿದ್ದರು. ಬೀಗರೂ ಜೊತೆಗಿದ್ದರು.

ಅಳಿಯಂದಿರು ವಿವರಿಸಿದರು. "ಎಲ್ಲ ಊರಿನ ಕಬ್ಬೂ ಇದರೊಳಗಿದೆ. ಒಂದು ಊರಿನ ಹೆಸರು ಆರಿಸಿದರೆ ಉಳಿದ ಊರುಗಳು ಮರೆಯಾಗುತ್ತವೆ. ಈಗ ಎಮ್ಮಿಗನೂರು ನೋಡಿ."

ಒಂದು ಕೀಲಿ ಒತ್ತಿದರು. ಎಮ್ಮಿಗನೂರಿನ ಗೆರೆ ಕಂಪ್ಯೂಟರ್ ಪರದೆಯ ನೆತ್ತಿಗೆ ಹೋಗಿ ಮುಟ್ಟಿತು. ಇಡೀ ಕಾರ್ಖಾನೆ ಅಲ್ಲಿಯವರೆಗೆ ಹಿಂಡಿದ ಕಬ್ಬು ಎಷ್ಟೋ ಅಷ್ಟು.

ಯಜಮಾನರು ಬಗ್ಗಿ ಗೆರೆಯ ತುದಿಯನ್ನು ನೋಡಿದರು. ಆಮೇಲೆ, "ಸಾಹೇಬ್ರ, ನಮ್ಮೂರಾಗ ಅಷ್ಟು ಭೂಮಿ ಎಲ್ಲೈತ್ರಿ? ಗುಡಿ, ಸಾಲಿ, ಮಂದಿ ಮನಿ ಎಲ್ಲಾ ಕೆಡವಿ ಕಬ್ಬು ಹಾಕಿದ್ರೂ ಅಷ್ಟಾಗಂಗಿಲ್ಲ" ಎಂದರು.

"ಯಂತ್ರ ತಪ್ಪು ಮಾಡುವುದಿಲ್ಲ."

"ಹಂಗಾದ್ರ ನಮ್ದು ನೋಡ್ರಿ" ಎಂದರು ಬೀಗರು. ಬುಕ್ಕಸಾಗರ ಆರಿಸಿದರು. ಅದೂ ನೆತ್ತಿಗೆ ಮುಟ್ಟಿತು. ಬೇರೆ ಊರು ಆರಿಸಿದರು. ಅದೂ ಅಷ್ಟೇ. ನೋಡಿದಷ್ಟು ಊರುಗಳೂ ತಾವೊಬ್ಬರೇ ಕಾರ್ಖಾನೆ ನಡೆಸುತ್ತಿದ್ದೇವೆ ಎನ್ನುತ್ತಿದ್ದವು.

ತಪ್ಪು ಸಣ್ಣದು. ಯಂತ್ರ ಮೊದಲು ಎಲ್ಲರ ಕಬ್ಬನ್ನೂ ಸಾಲಾಗಿ ಕೂಡಿಸಿಬಿಡುತ್ತಿತ್ತು, ಉಳಿದವರನ್ನು ಮರೆ ಮಾಡುತ್ತಿದ್ದದ್ದು ಆಮೇಲೆ. ಮರೆಯಾದವರು ಹೋಗುತ್ತಿದ್ದರು, ಅವರ ಕಬ್ಬು ಕಣ್ಣಿಗೆ ಬಿದ್ದವರ ಲೆಕ್ಕದಲ್ಲಿ ಉಳಿಯುತ್ತಿತ್ತು. ಮೊದಲು ಊರನ್ನು ಆರಿಸಿ, ಆಮೇಲೆ ಕೂಡಿಸಬೇಕಾಗಿತ್ತು. ಇದನ್ನು ಕಂಡುಹಿಡಿದು ಸರಿಪಡಿಸಲು ಅಳಿಯಂದಿರಿಗೆ ಒಂದು ವಾರ ಬೇಕಾಯಿತು. ಆ ವಾರ ಎಲ್ಲರೂ ಮೇಲಿದ್ದುದರಿಂದ ಯಾರಿಗೂ ಚೀಟಿ ಸಿಗಲಿಲ್ಲ.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ಯಜಮಾನರು ಬೀಗರಿಗೆ ಹೇಳಿದ್ದು ಕೇಳಿಸಿತು. "ಕಬ್ಬು ಹಾಳಾದ್ರ ಆಗ್ಲಿ ಬಿಡ್ರಿ ಬೀಗರ. ಹೇಳ್ಕೊಳಾಕ ಛಲೋ ಐತಿ."

೬. ಸೊನ್ನೆಯ ಊರು

ಹಂಗಾಮು ಮುಗಿಯಲು ಎರಡು ವಾರವಿತ್ತು. ಅಳಿಯಂದಿರು ಯಂತ್ರವನ್ನು ಸರಿಪಡಿಸಿದ್ದರು. ಈಗ ಅದು ಊರೂರಿನ ಗೆರೆಯನ್ನು ಸರಿಯಾಗಿ ಎಳೆದು, ಎಲ್ಲಕ್ಕಿಂತ ಕೆಳಗಿರುವ ಊರನ್ನು ತಾನೇ ಹುಡುಕಿ ಹೇಳುತ್ತಿತ್ತು. ಊರಿನ ಹೆಸರುಗಳನ್ನು ಮಾತ್ರ ಅವರು ಹೊಸಪೇಟೆ ಬಸ್ ನಿಲ್ದಾಣದ ವೇಳಾಪಟ್ಟಿಯಿಂದ ನಕಲು ಮಾಡಿಕೊಂಡಿದ್ದರು. ನಮಗೆ ಕಬ್ಬು ಕಳಿಸದ ಹಂಪಿ, ಸಂಡೂರು ಎಲ್ಲ ಅದರಲ್ಲಿದ್ದವು. ಅವನ್ನು ನಾನು ಹೇಳಿ ತೆಗೆಸಿದೆ. ಒಂದು ಹೆಸರು ನನ್ನ ಕಣ್ಣು ತಪ್ಪಿ ಉಳಿಯಿತು.

ಸೋಮವಾರ ಯಂತ್ರ ಆ ವಾರದ ಚೀಟಿಗಳನ್ನೆಲ್ಲ ಯಶವಂತನಗರಕ್ಕೆ ಕೊಟ್ಟಿತು.

ಯಶವಂತನಗರ ಇರುವುದು ಸಂಡೂರಿನ ಹತ್ತಿರ, ಗುಡ್ಡದ ಕಡೆ. ಗಣಿ ಕೆಲಸದವರ ಊರು. ಅಲ್ಲಿ ಸಿಗುವುದು ಅದಿರು.

"ಸಾರ್, ಅಲ್ಲಿ ಕಬ್ಬಿಲ್ಲ. ಗಣಿ ಐತ್ರಿ" ಎಂದೆ.

"ಅದಕ್ಕೇ ಅವರ ಗೆರೆ ಸೊನ್ನೆಯಲ್ಲಿದೆ" ಎಂದರು ಅಳಿಯಂದಿರು. "ಹಿಂದುಳಿದವರಿಗೇ ಮೊದಲು ಅವಕಾಶ ಕೊಡಬೇಕು."

ಎರಡು ದಿನ ಚೀಟಿಗಳು ನನ್ನ ಮೇಜಿನ ಮೇಲೆಯೇ ಇದ್ದವು. ಮೂರನೆಯ ದಿನ ಯಜಮಾನರು ಬಂದರು. ಆ ವಾರದ ಊರಿನ ಹೆಸರು ಬರೆದಿದ್ದ ಬೋರ್ಡು ಓದಿದರು, ಮೇಜು ನೋಡಿದರು.

"ಯಶವಂತನಗರದವ್ರು ಯಾರೂ ಬಂದಿಲ್ಲೇನ್ರಿ?"

"ಇಲ್ರಿ."

"ಬಂದ್ರ?"

"ಬಂದ್ರ ಕೊಡ್ತೀನಿ. ಊರ ಹೆಸರಷ್ಟ ನೋಡ್ರಿ ಅಂತ ಸಾಹೇಬ್ರು ಹೇಳ್ಯಾರ."

ಅವರು ಸ್ವಲ್ಪ ಹೊತ್ತು ಕುಳಿತರು. "ನಮ್ಮ ತಮ್ಮನ ಮಗಳನ್ನ ಅಲ್ಲಿಗೆ ಕೊಟ್ಟೈತ್ರಿ" ಎಂದು ಹೇಳಿ ಎದ್ದು ಹೋದರು.

ಮರುದಿನ ತಮ್ಮನ ಅಳಿಯನನ್ನೇ ಕರೆತಂದರು. ಗಣಿಯಿಂದ ಹೊಸಪೇಟೆಗೆ ಅದಿರು ಹೊಡೆಯುವ ಲಾರಿ ಡ್ರೈವರು. ಅದಿರಿನ ಧೂಳಿಗೆ ಅಂಗಿ, ಕೂದಲು, ಹುಬ್ಬು ಎಲ್ಲ ಕೆಂಪು. "ಇವ್ರು ಯಶವಂತನಗರದವ್ರು. ನೋಡಿದ್ರ ಗೊತ್ತಾಗತೈತಿ" ಎಂದರು. ಗೊತ್ತಾಗುತ್ತಿತ್ತು. ಚೀಟಿ ಕೊಟ್ಟೆ.

ಯಜಮಾನರು ಅವತ್ತೇ ಮೂರೆಕರೆಗೆ ಆಳು ಇಳಿಸಿದರು. ಮೊದಲ ಟ್ರ್ಯಾಕ್ಟರ್ ಕಾಟಾದ ಮುಂದೆ ನಿಂತಾಗ ಕಾಟಾದವನು ಕೈ ಅಡ್ಡ ಹಿಡಿದ.

"ಚೀಟಿ ಯಶವಂತನಗರದ್ದು. ಟ್ರ್ಯಾಕ್ಟರ್ ಬಂದದ್ದು ಎಮ್ಮಿಗನೂರು ಹಾದಿಲೆ. ತಗೊಳ್ಳಾಕ ಬರಂಗಿಲ್ಲ."

"ಕಬ್ಬು ತೂಗ್ತೀಯೋ, ಹಾದಿ ತೂಗ್ತೀಯೋ?"

"ಅದೆಲ್ಲಾ ಗೊತ್ತಿಲ್ರಿ ಯಜಮಾನ್ರ. ಆ ಕಡಿಂದ ಬರ್ಬೇಕು."

ಆಯಿತು, ಆ ಕಡೆಯಿಂದಲೇ ಬರುತ್ತೇವೆ ಎಂದರು ಯಜಮಾನರು. ಅದಿರು ಇಳಿಸಿ ಖಾಲಿ ಹೋಗುವ ಲಾರಿಯನ್ನು ಎಮ್ಮಿಗನೂರಿಗೆ ತಿರುಗಿಸಿದರು. ಕಬ್ಬು ಲಾರಿ ಏರಿ, ಕಾರ್ಖಾನೆಯ ಗೇಟಿನ ಮುಂದೆಯೇ ಹಾದು, ಹೊಸಪೇಟೆ ದಾಟಿ, ಘಟ್ಟ ಹತ್ತಿ ಯಶವಂತನಗರಕ್ಕೆ ಹೋಯಿತು. ಅಲ್ಲಿ ಡ್ರೈವರು ಚಹಾ ಕುಡಿದ. ಅದೇ ಕಬ್ಬು ಅದೇ ದಾರಿಯಲ್ಲಿ ವಾಪಸು ಬಂತು. ಹೋಗುವಾಗ ಹಸಿರಾಗಿದ್ದದ್ದು ಬರುವಾಗ ಬುಡದಿಂದ ತುದಿಯವರೆಗೆ ಕೆಂಪಾಗಿತ್ತು. ಕಾಟಾದವನು ಒಂದು ಜಲ್ಲೆಯ ಮೇಲೆ ಬೆರಳೆಳೆದು, ಬೆರಳು ನೋಡಿ, "ಹಾಂ, ಇದು ಆ ಕಡೀದ" ಎಂದು ತೂಕ ಬರೆದ.

ಹಂಗಾಮು ಮುಗಿಯುವ ಮುಂಚಿನ ದಿನ ಕೊನೆಯ ಲಾರಿ ಬಂತು. ಮೂರೆಕರೆಯೂ ಗಾಣಕ್ಕೆ ಬಿತ್ತು. ಯಜಮಾನರು ಅಂಗಳದಲ್ಲಿ ಕುಳಿತು, ಚಪ್ಪಲಿ ಬಿಟ್ಟು, ಆ ವರ್ಷ ಮೊದಲ ಸಲ ಕಾಲು ಚಾಚಿದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ, ಏಕೆಂದರೆ ಅಳಿಯಂದಿರು ಯಂತ್ರ ನೋಡಿದರು. ಎಲ್ಲ ಊರುಗಳ ಗೆರೆಗಳೂ ಎಮ್ಮೆ ನಡೆದಂತೆ ನಿಧಾನವಾಗಿ ಏರಿದ್ದವು. ಯಶವಂತನಗರದ್ದು ಮಾತ್ರ ಸೊನ್ನೆಯಿಂದ ಎದ್ದು ಕೆಲವೇ ದಿನಗಳಲ್ಲಿ ನೆಟ್ಟಗೆ ಮೇಲೆ ಹೋಗಿತ್ತು. ಅವರು ಸಾಹುಕಾರರನ್ನು ಕರೆದು ತೋರಿಸಿದರು.

"ನೋಡಿ ಮಾವ, ಅವಕಾಶ ಕೊಟ್ಟಿದ್ದಕ್ಕೆ ಹೇಗೆ ಮೇಲೆ ಬಂದಿದ್ದಾರೆ!"

ಸಾಹುಕಾರರು ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ. ಅವರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. "ಗೆರಿ ಬೀಳಂಗಿಲ್ಲ ಅಂದ್ರ ಛಲೋ ಐತಿ ಬಿಡ್ರಿ" ಎಂದು ಅವರು ಕಾರು ಹತ್ತಿದರು.

ಅಳಿಯಂದಿರಿಗೆ ಆ ಹೊಲ ನೋಡಲೇಬೇಕಾಗಿತ್ತು. ಜೀಪು ಹೊರಟಿತು. ದಾರಿ ತೋರಿಸಲು ಯಾರಾದರೂ ಬೇಕಲ್ಲ, ಆ ಕಡೆ ನೆಂಟಸ್ತನ ಇರುವವರು ಎಂದು ಯಜಮಾನರನ್ನೂ ಹತ್ತಿಸಿಕೊಂಡರು. ಘಟ್ಟ ಹತ್ತುವವರೆಗೂ ಯಜಮಾನರು ಟವೆಲ್ ಮಡಿಚಿ ಬಿಚ್ಚುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ, ಬೇರೆ ಎಲ್ಲಿ ಕೆಲಸ ಸಿಗಬಹುದು ಎಂದು ಯೋಚಿಸುತ್ತಿದ್ದೆ.

ಯಶವಂತನಗರದಲ್ಲಿ ಇಳಿದೆವು. ಕಣ್ಣು ಹಾಯಿಸಿದಷ್ಟೂ ಕೆಂಪು ಮಣ್ಣು, ಅದಿರಿನ ರಾಶಿ, ಬಗೆದು ಬೋಳಾದ ಗುಡ್ಡ. ಅಳಿಯಂದಿರು ಕನ್ನಡಕ ಒರೆಸಿಕೊಂಡು ಸುತ್ತಲೂ ನೋಡಿದರು.

"ಕಬ್ಬಿನ ಹೊಲ ಎಲ್ಲಿ?"

ಯಜಮಾನರೂ ಒಂದು ಸುತ್ತು ನೋಡಿದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು, ಬಹಳ ವಿನಯದಿಂದ ಹೇಳಿದರು:

"ಎಲ್ಲಾ ಕಡದು ಕಳಿಸ್ಯಾರಲ್ರಿ ಸಾಹೇಬ್ರ. ಇನ್ನೇನ ಕಾಣತೈತಿ?"

ಅಳಿಯಂದಿರು ಮತ್ತೊಮ್ಮೆ ಗುಡ್ಡದ ಬುಡದಿಂದ ತುದಿಯವರೆಗೆ ನೋಡಿದರು. ಜೇಬಿನಿಂದ ಪುಸ್ತಕ ತೆಗೆದು, ಜೀಪಿನ ಬಾನೆಟ್ಟಿನ ಮೇಲಿಟ್ಟು ಬರೆದುಕೊಂಡರು: "ಯಶವಂತನಗರ. ಕಟಾವು ಬಹಳ ಅಚ್ಚುಕಟ್ಟು. ಬುಡದ ಒಂದು ಕೂಳೆಯನ್ನೂ ಬಿಟ್ಟಿಲ್ಲ."